ಮತ್ತಿಯ ಸುಳ್ಳು, ಉಮ್ಮತ್ತಿಯ ನಿಜ

ಬೆಳಿಗ್ಗೆ ಏಳೂವರೆಗೆ ಪ್ರಯೋಗಾಲಯದ ಬೀಗ ತೆಗೆದು, ಕಪ್ಪು ಬಟ್ಟೆ ಹೊದಿಸಿಟ್ಟಿದ್ದ ಸ್ಟ್ಯಾಂಡನ್ನು ಕಿಟಕಿಯ ಬಳಿಗೆ ತಂದು ಬಿಚ್ಚಿದೆ. ಹಿಂದಿನ ದಿನ ಹೊದಿಸುವಾಗ ಎಲ್ಲ ಕೊಳವೆಗಳಲ್ಲೂ ಒಂದೇ ಬಣ್ಣವಿತ್ತು, ನವಿಲಿನ ಕತ್ತಿನ ನೀಲಿಹಸಿರು. ಈಗ ಮೂರನೆಯ ಸಾಲಿನಲ್ಲಿ ನಾಲ್ಕು ಕೊಳವೆಗಳು ತೊಳೆದಿಟ್ಟಂತೆ ತಿಳಿಯಾಗಿದ್ದವು. ಪಟ್ಟಿ ತೆಗೆದು ನೋಡಿದೆ: ಮತ್ತಿ ಮರದ ತೊಗಟೆ, ನೇರಳೆ ತೊಗಟೆ, ಹೊಳೆದಾಸವಾಳದ ಎಲೆ, ಅಳಲೆಕಾಯಿ. ಮೇಡಂ ಬರುವುದು ಹತ್ತು ಗಂಟೆಗೆ. ಅಲ್ಲಿಯವರೆಗೆ ತಡೆಯಲಾಗದೆ ಕ್ಯಾಂಟೀನಿಗೆ ಹೋಗಿ ಎರಡು ಸಲ ಚಹಾ ಕುಡಿದು ಬಂದೆ.

ಆ ನಾಲ್ಕೂ ಕೊಳವೆಗಳ ತಳದಲ್ಲಿ ರಾಗಿಕಾಳಿನಷ್ಟು ಕೆಸರು ಕೂತಿತ್ತು. ಅದು ನನ್ನ ಕಣ್ಣಿಗೆ ಬಿದ್ದಿರಲೇಬೇಕು. ಆದರೆ ನೋಟ್‌ಬುಕ್ಕಿನಲ್ಲಿ ಆ ದಿನ ನಾನು ಬರೆದದ್ದು ‘ಬಣ್ಣ ಪೂರ್ತಿ ಹೋಗಿದೆ’ ಎಂದಷ್ಟೆ, ಕೆಳಗೆ ಎರಡು ಗೆರೆ ಎಳೆದು.

ಕಾಡುಗಿಡಗಳ ಸಾರದಲ್ಲಿ ಡಿಎನ್‌ಎಗೆ ಹೋಗಿ ಅಂಟಿಕೊಳ್ಳುವ ವಸ್ತುಗಳಿವೆಯೇ ಎಂದು ಹುಡುಕುವುದು ನನ್ನ ಪಿಎಚ್‌ಡಿಯ ಕೆಲಸವಾಗಿತ್ತು. ಅಂಟಿಕೊಂಡರೆ ಏನಾಗುತ್ತದೆ ಎಂದು ಊರಿನಲ್ಲಿ ಕೇಳಿದವರಿಗೆಲ್ಲ ನಾನು ಏಣಿಯನ್ನು ತೋರಿಸುತ್ತಿದ್ದೆ. ಡಿಎನ್‌ಎ ತಿರುಚಿದ ಏಣಿ. ಅದರ ಒಂದು ಮೆಟ್ಟಿಲಿಗೂ ಮುಂದಿನ ಮೆಟ್ಟಿಲಿಗೂ ನಡುವೆ 0.34 ನ್ಯಾನೊಮೀಟರ್ ಅಂತರ. ಕೆಲವು ಚಪ್ಪಟೆ ಅಣುಗಳು ಆ ಸಂದಿಯಲ್ಲಿ ನುಗ್ಗಿ, ಮೆಟ್ಟಿಲುಗಳನ್ನು ಎರಡರಷ್ಟು ದೂರ ತಳ್ಳಿ, ನಡುವೆ ಕೂತುಬಿಡುತ್ತವೆ. ಇದನ್ನು ಮೊದಲು ಸೂಚಿಸಿದವರು ಲಿಯೊನಾರ್ಡ್ ಲೆರ್ಮನ್, 1961ರಲ್ಲಿ. ಹೀಗೆ ಸಂದಿ ತುಂಬಿದ ಏಣಿಯನ್ನು ಜೀವಕೋಶ ಸರಿಯಾಗಿ ನಕಲು ಮಾಡಿಕೊಳ್ಳಲಾರದು. ನಕಲು ಮಾಡಿಕೊಳ್ಳುವ ಅವಸರ ಹೆಚ್ಚಾಗಿರುವುದು ಕ್ಯಾನ್ಸರ್ ಕೋಶಗಳಿಗೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಕೆಲಸ ಮಾಡುವ ಬಗೆಗಳಲ್ಲಿ ಇದೂ ಒಂದು. ಅದು ಸಿಕ್ಕಿದ್ದು ಗಿಡದಿಂದಲ್ಲ, ಮಣ್ಣಿನ ಬ್ಯಾಕ್ಟೀರಿಯಾದಿಂದ.

ಗಿಡಗಳ ಆಸೆ ಹುಟ್ಟಿಸಿದ್ದು ಬೇರೆ ಕಥೆ. 1966ರಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಅಮೆರಿಕದಲ್ಲಿ ಕುಳಿತು, ಚೀನಾ ಮೂಲದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ವಾಣಿ ಮಹಾರಾಷ್ಟ್ರದ ನಂದುರ್‌ಬಾರಿನವರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ಪಶ್ಚಿಮ ಘಟ್ಟದ ಒಂದು ಚಿಕ್ಕ ಮರದಲ್ಲಿ ಕಂಡರು. ಅದರಿಂದ ರೂಪಿಸಿದ ಎರಡು ಕ್ಯಾನ್ಸರ್ ಔಷಧಿಗಳು ಇಂದು ಆಸ್ಪತ್ರೆಗಳಲ್ಲಿವೆ. ಆ ಮರಕ್ಕೆ ಕನ್ನಡದಲ್ಲಿ ದುರ್ವಾಸನೆ ಮರ ಎನ್ನುತ್ತಾರೆ. ಮನೆಯ ಹಿತ್ತಲಿನಲ್ಲೇ ಇಂಥದ್ದೊಂದು ಇರುವಾಗ ಇನ್ನೆಷ್ಟಿರಬಹುದು ಎಂಬುದು ನಮ್ಮ ಯೋಜನಾ ಪ್ರಸ್ತಾವದ ಮೊದಲ ಪುಟದ ವಾದ. ಓದಲು ಚೆನ್ನಾಗಿತ್ತು. ಹಣವೂ ಬಂತು, ಕೇಳಿದ್ದರಲ್ಲಿ ಅರ್ಧ.

ಅನುಮತಿ ಪತ್ರ ಕೈಗೆ ಬರುವ ಹೊತ್ತಿಗೆ ಮಳೆಗಾಲ ಶುರುವಾಗಿತ್ತು. ಬಯಲುಸೀಮೆಯಲ್ಲಿ, ಚಳ್ಳಕೆರೆಯ ಹತ್ತಿರ ಶೇಂಗಾ ಹೊಲಗಳ ನಡುವೆ ಬೆಳೆದ ನನಗೆ ಜುಲೈ ತಿಂಗಳ ತೀರ್ಥಹಳ್ಳಿ ಎಂದರೆ ಏನೆಂದು ಗೊತ್ತಿರಲಿಲ್ಲ. ನಮಗೆ ಗಿಡ ತೋರಿಸಿದವರು ಒಬ್ಬ ನಾಟಿ ವೈದ್ಯರು, ಎಪ್ಪತ್ತು ದಾಟಿದವರು. ಎಲ್ಲರಂತೆ ನಾನೂ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆ. ಕಂಬಳಿ ಕೊಪ್ಪೆ ಹಾಕಿಕೊಂಡು ಮುಂದೆ ಮುಂದೆ ಹೋಗುತ್ತಿದ್ದರು. ನಾನು ಇಂಬಳ ಕೀಳುತ್ತಾ ಹಿಂದೆ. ಪ್ರತಿ ಗಿಡಕ್ಕೂ ಚೀಟಿ ಬರೆದು, ಹೂವಿದ್ದರೆ ಹೂವಿನ ಸಮೇತ ಒಂದು ಟೊಂಗೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು, ಉಳಿದದ್ದನ್ನು ಬಟ್ಟೆಯ ಚೀಲಕ್ಕೆ ತುಂಬಬೇಕು. ಒತ್ತಿಟ್ಟ ಮಾದರಿ ಇಲ್ಲದಿದ್ದರೆ ಮುಂದೆ ಏನು ಕಂಡುಹಿಡಿದರೂ ಅದು ಯಾವ ಗಿಡ ಎಂದು ನಂಬಿಸಲು ಸಾಧ್ಯವಿಲ್ಲ. ಒದ್ದೆ ಪತ್ರಿಕೆಯನ್ನು ದಿನವೂ ಬದಲಾಯಿಸಬೇಕು. ಆ ತಿಂಗಳು ತೀರ್ಥಹಳ್ಳಿಯ ಗುಜರಿ ಅಂಗಡಿಯಲ್ಲಿ ನಾನು ಕೊಂಡಷ್ಟು ಹಳೆಯ ಪತ್ರಿಕೆಯನ್ನು ಬಜ್ಜಿ ಅಂಗಡಿಯವರೂ ಕೊಂಡಿರಲಾರರು.

ದುರ್ವಾಸನೆ ಮರದ ಹತ್ತಿರ ಹೋದಾಗ ಅಜ್ಜ ಹೇಳಿದರು, “ಹೂ ಬಿಟ್ಟಾಗ ಇಲ್ಲಿ ನಿಲ್ಲಲಿಕ್ಕಾಗುವುದಿಲ್ಲ ಮಾರಾಯ್ತಿ. ನಾವು ಇದನ್ನು ಯಾವ ಮದ್ದಿಗೂ ಹಾಕಿದವರಲ್ಲ. ಆಮೇಲೆ ಯಾರೋ ಬಂದರು, ಲಾರಿಗಟ್ಟಲೆ ಕಡಿದುಕೊಂಡು ಹೋದರು. ಆಗ ಗೊತ್ತಾಯಿತು ಇದಕ್ಕೂ ಬೆಲೆ ಇದೆ ಎಂದು.” ಕಿರುಬೆರಳಿನ ದಪ್ಪದ ಎರಡು ಕೊಂಬೆಗಳನ್ನಷ್ಟೇ ಕಡಿದುಕೊಂಡೆವು. ನನ್ನ ಪಟ್ಟಿಯಲ್ಲಿ ಅದಕ್ಕೆ ನಕ್ಷತ್ರದ ಗುರುತು ಹಾಕಿದ್ದೆ.

ಮೊದಲ ಎಡವಟ್ಟು ಅಲ್ಲೇ ಆಯಿತು. ಗಿಡವನ್ನು ನೆರಳಿನಲ್ಲಿ ಒಣಗಿಸಬೇಕು ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ನೆರಳಿಗೇನೂ ಬರವಿಲ್ಲ, ಒಣಗುವುದೊಂದು ಆಗುವುದಿಲ್ಲ. ಮೂರನೆಯ ದಿನಕ್ಕೆ ಎಲೆಗಳ ಮೇಲೆ ಬೂಷ್ಟು ಬಂತು. ಉಳಿದುಕೊಂಡಿದ್ದ ಮನೆಯವರು ನನ್ನ ಒದ್ದಾಟ ನೋಡಲಾರದೆ, ಚೀಲಗಳನ್ನೆಲ್ಲ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ನಾಲ್ಕೇ ದಿನದಲ್ಲಿ ಹಪ್ಪಳದಂತೆ ಗರಿಗರಿಯಾಗಿ ಒಣಗಿದವು. ಹೆಮ್ಮೆಯಿಂದ ಹೊತ್ತು ತಂದೆ. ಮೇಡಂ ಒಂದು ಚೀಲ ಬಿಚ್ಚಿ ಮೂಸಿ ನೋಡಿ, “ಇದೇನು, ಹೊಗೆಸೊಪ್ಪೇ?” ಎಂದರು. ಸೌದೆಯ ಹೊಗೆಯಲ್ಲಿ ಬೆಂಜೊಪೈರೀನ್‌ನಂತಹ ವಸ್ತುಗಳಿರುತ್ತವೆ. ದೇಹದೊಳಗೆ ರೂಪ ಬದಲಿಸಿಕೊಂಡು ಡಿಎನ್‌ಎಗೆ ಅಂಟಿ ಕೂರುವುದರಲ್ಲಿ ಅವು ಕುಪ್ರಸಿದ್ಧ. ಡಿಎನ್‌ಎಗೆ ಅಂಟುವುದನ್ನು ಹುಡುಕಲು ಹೊರಟವಳು ಅಂಥದ್ದನ್ನೇ ಬಳಿದುಕೊಂಡು ಬಂದಿದ್ದೆ. ಹನ್ನೊಂದು ಗಿಡಗಳು ಕಸಕ್ಕೆ ಹೋದವು. ಅಜ್ಜನಿಗೆ ಫೋನ್ ಮಾಡಿ ಮತ್ತೆ ಬರುತ್ತೇನೆ ಎಂದಾಗ ಅವರು ಜೋರಾಗಿ ನಕ್ಕರು. ಆ ಮನೆಯವರಿಗೆ ಮಾತ್ರ ನಾನು ಈ ವಿಷಯ ಇಂದಿಗೂ ಹೇಳಿಲ್ಲ.

ಮುಂದಿನ ಸಲ ಹೋದದ್ದು ನವೆಂಬರಿನಲ್ಲಿ. ಒಣಗಿಸಿ, ಪುಡಿ ಮಾಡಿ, 50 ಗ್ರಾಂ ತೂಗಿ, ಸಾಕ್ಸ್‌ಲೆಟ್ ಗಾಜಿನ ಉಪಕರಣದಲ್ಲಿ ಮೆಥನಾಲಿನ ಜೊತೆ ಎಂಟು ಗಂಟೆ. ಆವಿ ಮೇಲೇರಿ, ತಣಿದು, ಪುಡಿಯ ಮೇಲೆ ತೊಟ್ಟಿಕ್ಕಿ, ಬಟ್ಟಲು ತುಂಬಿದಾಗ ಗುಳುಕ್ಕನೆ ಕೆಳಗೆ ಇಳಿಯುತ್ತದೆ. ಆ ಸದ್ದು ಈಗಲೂ ನನಗೆ ನಿದ್ದೆ ತರಿಸುತ್ತದೆ. ಆಮೇಲೆ ಮೆಥನಾಲನ್ನು ಕಡಿಮೆ ಒತ್ತಡದಲ್ಲಿ, 40 ಡಿಗ್ರಿ ಮೀರದಂತೆ ಆವಿ ಮಾಡಿ ತೆಗೆಯಬೇಕು. ಸೀಗೆಕಾಯಿಯ ದಿನ ನೊರೆ ಉಕ್ಕಿ ಉಪಕರಣದ ಕತ್ತಿನವರೆಗೂ ಏರಿತು. ತಲೆಗೆ ಹಚ್ಚಿಕೊಳ್ಳುವುದನ್ನು ಸುತ್ತುವ ಗಾಜಿನ ಬುರುಡೆಯಲ್ಲಿ ಹಾಕಿದರೆ ಇನ್ನೇನಾಗುತ್ತದೆ. ಕೊನೆಗೆ ಪ್ರತಿ ಗಿಡದಿಂದ ಉಳಿಯುವುದು ಬೆಲ್ಲದ ಪಾಕದಂಥ ಒಂದಿಷ್ಟು ಅಂಟು. ಎಲೆ, ತೊಗಟೆ, ಬೇರು ಬೇರೆ ಬೇರೆ ಲೆಕ್ಕ. 41 ಗಿಡಗಳಿಂದ 67 ಸಾರಗಳಾದವು.

ಆ ನಲವತ್ತೊಂದನೆಯ ಗಿಡ ಕಾಡಿನದಲ್ಲ. ಹೊಗೆ ಹಿಡಿದ ಹನ್ನೊಂದರಲ್ಲಿ ಒಂದನ್ನು ಎರಡನೆಯ ಸಲ ಹುಡುಕಿದರೂ ಸಿಗಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋದವಳು ಲೆಕ್ಕ ತುಂಬಿಸಲೆಂದು ನಮ್ಮ ಹೊಲದ ಬದುವಿನಿಂದ ಅರಿಸಿನ ಉಮ್ಮತ್ತಿಯನ್ನು ಬೇರು ಸಮೇತ ಕಿತ್ತುಕೊಂಡು ಬಂದೆ. ಬಯಲುಸೀಮೆಯಲ್ಲಿ ರಸ್ತೆಯ ಬದಿಯಲ್ಲೆಲ್ಲ ಇರುತ್ತದೆ: ಹಳದಿ ಹೂ, ಬೂದಿ ಬಳಿದಂಥ ಮುಳ್ಳೆಲೆ, ಮುರಿದರೆ ಅರಿಸಿನ ಕದಡಿದಂಥ ಹಾಲು. ಮೆಕ್ಸಿಕೊ ಕಡೆಯಿಂದ ಬಂದ ಕಳೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಆಡುಸೋಗೆ ಒಂದು ಅಪವಾದ ಎನ್ನುತ್ತಾರೆ. ನಮ್ಮ ಊರಿನ ಆಡುಗಳನ್ನು ಕೇಳಿದರೆ ಇದನ್ನೂ ಸೇರಿಸುತ್ತವೆ. ಕೀಳುವಾಗ ಅಂಗೈಯೆಲ್ಲ ಮುಳ್ಳು ಚುಚ್ಚಿ ಹಳದಿಯಾಯಿತು.

ಇನ್ನು ಆ ನೀಲಿಹಸಿರು ಬಣ್ಣದ ವಿಷಯ. ನಾವು ಆರಿಸಿಕೊಂಡದ್ದು ಮೀಥೈಲ್ ಗ್ರೀನ್ ಪರೀಕ್ಷೆ, ಏಕೆಂದರೆ ಅದು ಅಗ್ಗ. ಈ ಬಣ್ಣ ಡಿಎನ್‌ಎಯ ತೋಡಿನಲ್ಲಿ ಕುಳಿತಿರುವಷ್ಟು ಕಾಲ ಮಾಸುವುದಿಲ್ಲ. ಪಿಎಚ್ 7.5ರ, ಅಂದರೆ ತುಸುವೇ ಕ್ಷಾರದ ದ್ರಾವಣದಲ್ಲಿ ಯಾರಾದರೂ ಅದನ್ನು ಅಲ್ಲಿಂದ ಎಬ್ಬಿಸಿದರೆ, ನೀರಿನ ಜೊತೆ ಸೇರಿ ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತದೆ. ಆದ್ದರಿಂದ ಡಿಎನ್‌ಎಗೆ ಬಣ್ಣ ಹಿಡಿಸಿ, ಅದಕ್ಕೆ ಗಿಡದ ಸಾರ ಸೇರಿಸಿ, ಕತ್ತಲಲ್ಲಿ 24 ಗಂಟೆ ಇಟ್ಟು, ಮರುದಿನ ಬಣ್ಣ ಎಷ್ಟು ಉಳಿದಿದೆ ಎಂದು ಅಳೆದರೆ ಮುಗಿಯಿತು. ಜಾಗ ಖಾಲಿ ಮಾಡಿಸಿದವರು ಯಾರು ಎಂದು ನೋಡುವುದು, ಅಷ್ಟೆ.

ಮುಗಿಯಿತು ಎಂದೆ, ಆದರೆ ಶುರುವಾಗುವುದೇ ಕಷ್ಟ. ಡಬ್ಬಿಯಲ್ಲಿ ಬರುವ ಮೀಥೈಲ್ ಗ್ರೀನ್ ಪುಡಿ ಶುದ್ಧವಾಗಿರುವುದಿಲ್ಲ, ಅದರೊಳಗೆ ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್ ಬೆರೆತಿರುತ್ತದೆ. ನೀರಿನಲ್ಲಿ ಕರಗಿಸಿ, ಕ್ಲೋರೊಫಾರ್ಮ್ ಸೇರಿಸಿ, ಬೇರ್ಪಡಿಸುವ ಆಲಿಕೆಯಲ್ಲಿ ಕುಲುಕಿ ನಿಲ್ಲಿಸಿದರೆ ಎರಡು ಪದರವಾಗುತ್ತದೆ. ಮೇಲೆ ಹಸಿರು ನೀರು, ಕೆಳಗೆ ನೇರಳೆ ಹಣ್ಣಿನ ರಸದಂತೆ ಗಾಢ ಕ್ಲೋರೊಫಾರ್ಮ್. ತಿರುಗಣೆ ಬಿಟ್ಟು ಕೆಳಗಿನದನ್ನು ಇಳಿಸಿ, ಹೊಸ ಕ್ಲೋರೊಫಾರ್ಮ್ ಹಾಕಿ, ಮತ್ತೆ ಕುಲುಕಿ. ನಾಲ್ಕನೆಯ ಸಲಕ್ಕೆ ಗಾಢ ಹೋಗಿ ತಿಳಿಯಾಗುತ್ತದೆ, ಏಳನೆಯ ಸಲಕ್ಕೆ ನಸುಗುಲಾಬಿ, ಒಂಬತ್ತೋ ಹತ್ತೋ ಸಲವಾದ ಮೇಲೆ ಕೆಳಗಿನ ಪದರದ ಹಿಂದೆ ಬಿಳಿಯ ಕಾಗದ ಹಿಡಿದರೆ ಕಾಗದ ಬೆಳ್ಳಗೇ ಕಾಣಬೇಕು. ಕೈಗವಸು ಹಾಕಿದ್ದರೂ ಮುಂಗೈಗೆ ಹಾರಿದ ಒಂದು ಹನಿ ನನ್ನ ತಂಗಿಯ ಮದುವೆಯ ಎಲ್ಲ ಫೋಟೊಗಳಲ್ಲೂ ಇದೆ.

ಡಿಎನ್‌ಎಯದು ಇನ್ನೊಂದು ಸೂಕ್ಷ್ಮ. ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದದ್ದು, ಬಾಟಲಿಯಲ್ಲಿ ಬೂರುಗದ ಹತ್ತಿಯ ಎಳೆಗಳಂತಿರುತ್ತದೆ. ಒರಟಾಗಿ ಕಲಕಿದರೆ ಎಳೆಗಳು ತುಂಡಾಗುತ್ತವೆ. ಹಾಗಾಗಿ ಫ್ರಿಜ್ಜಿನಲ್ಲಿ ಇಟ್ಟು, ರಾತ್ರಿಯಿಡೀ ತಾನಾಗಿ ಕರಗಲು ಬಿಡಬೇಕು. 20 ಮಿಲಿಗ್ರಾಂಗೆ 100 ಮಿಲಿಲೀಟರ್. ಬೆಳಿಗ್ಗೆ ಪಿಪೆಟ್ಟಿನಲ್ಲಿ ಎಳೆದರೆ ಗಂಜಿಯಂತೆ ನೂಲು ಹಿಡಿದುಕೊಂಡು ಬರುತ್ತದೆ.

ಹೀಗೆ ಮೂರು ವಾರದಲ್ಲಿ 67 ಸಾರಗಳನ್ನೂ ಮುಗಿಸಿದಾಗ, ಅರ್ಧಕ್ಕಿಂತ ಹೆಚ್ಚು ಬಣ್ಣ ಕಳೆದವು 19. ನಕ್ಷತ್ರದ ಗುರುತಿನ ದುರ್ವಾಸನೆ ಮರ ಮಾತ್ರ ಸೊನ್ನೆ. ಪಟ್ಟಿಯನ್ನು ಮೇಡಂ ಮುಂದೆ ಇಟ್ಟೆ. ಅವರು ಹೆಸರುಗಳ ಮೇಲೆ ಬೆರಳು ಆಡಿಸುತ್ತಾ, “ಮತ್ತಿ, ನೇರಳೆ, ಅಳಲೆ, ಹೊಳೆದಾಸವಾಳ... ನಾಲಿಗೆಯ ಮೇಲೆ ಇಟ್ಟರೆ ಹೇಗಿರುತ್ತವೆ ಇವೆಲ್ಲ?” ಎಂದರು.

“ಒಗರು.”

“ಹೋಗಿ, ಡಿಎನ್‌ಎ ಹಾಕದೆ ಮಾಡಿ.”

ಡಿಎನ್‌ಎ ಇಲ್ಲದೆ ಈ ಬಣ್ಣ 7.5ರಲ್ಲಿ ತಾನೇ ಮಾಸುತ್ತದೆ. ಹಾಗಾಗಿ ಹುಳಿ ದ್ರಾವಣ ಮಾಡಿ, ಪಿಎಚ್ 4ರಲ್ಲಿ ಬರೀ ಮೀಥೈಲ್ ಗ್ರೀನ್ ಇಟ್ಟೆ. ಅಲ್ಲಿ ಅದು ಗಟ್ಟಿಯಾಗಿ ನಿಂತಿತು. ಅದಕ್ಕೆ ಮತ್ತಿ ತೊಗಟೆಯ ಸಾರವನ್ನು ಬಿಟ್ಟೆ. ಈ ಸಲ ಕಪ್ಪು ಬಟ್ಟೆ ಹೊದಿಸದೆ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಹತ್ತು ನಿಮಿಷಕ್ಕೆ ಕೊಳವೆ ಮಂಜಾಯಿತು, ಅರ್ಧ ಗಂಟೆಗೆ ಮೋಡ ಕಟ್ಟಿತು, ಗಂಟೆ ತುಂಬುವುದರೊಳಗೆ ಮೋಡವೆಲ್ಲ ತಳಕ್ಕಿಳಿದು ರಾಗಿಕಾಳಿನಷ್ಟು ಕೆಸರಾಗಿ, ಮೇಲಿನ ನೀರು ತಿಳಿಯಾಯಿತು. ಮತ್ತಿ ಡಿಎನ್‌ಎಯನ್ನು ಮುಟ್ಟಿಯೇ ಇರಲಿಲ್ಲ. ಅದರೊಳಗಿನ, ಒಗರು ರುಚಿ ಕೊಡುವ ಟ್ಯಾನಿನ್ ಎಂಬ ವಸ್ತು ಬಣ್ಣವನ್ನೇ ಹಿಡಿದು ಎಳೆದುಕೊಂಡು ಮುಳುಗಿತ್ತು.

ಇದು ನನಗೆ ಹೊಳೆಯದೆ ಹೋದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ನೂಲಿಗೆ ಬಣ್ಣ ಚೆನ್ನಾಗಿ ಕಚ್ಚಲಿ ಎಂದು ಅಳಲೆಕಾಯಿಯ ನೀರಿನಲ್ಲಿ ಅದ್ದುವುದು ನಮ್ಮ ನಾಡಿನಲ್ಲಿ ಎಷ್ಟು ಹಳೆಯ ವಿದ್ಯೆ! ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಟ್ಯಾನಿನ್ನಿನ ಬಲದಿಂದ. ಅದೇ ಮಸಿಯ ಪರೀಕ್ಷೆಯನ್ನು 19 ಸಾರಗಳಿಗೂ ಮಾಡಿದೆ, ಒಂದೊಂದು ಹನಿ ಫೆರಿಕ್ ಕ್ಲೋರೈಡ್ ಬಿಟ್ಟು. ಹದಿನಾಲ್ಕು ಕೊಳವೆಗಳು ನೀಲಿಗಪ್ಪು ಅಥವಾ ಹಸಿರುಗಪ್ಪಾಗಿ ನಿಂತವು. ಬರೆಯಲು ಸಾಕಾಗುವಷ್ಟು ಮಸಿ.

ಆ ಸಂಜೆ ಹಾಸ್ಟೆಲಿನಲ್ಲಿ ಊಟ ಬಿಟ್ಟೆ. ಮರುದಿನ ಹೊಟ್ಟೆ ಹಸಿದು ಎದ್ದು ಮತ್ತೆ ಕೆಲಸಕ್ಕೆ ಹೋದೆ. ಟ್ಯಾನಿನ್ನನ್ನು ಹಿಡಿದಿಡುವ ಪಾಲಿಅಮೈಡ್ ಪುಡಿಯ ಚಿಕ್ಕ ಕಂಬದ ಮೂಲಕ ಎಲ್ಲ ಸಾರಗಳನ್ನೂ ಸೋಸಿದೆ. ಆಗ ತಿಳಿದದ್ದು ಇನ್ನೊಂದು ಎಡವಟ್ಟು. ನಾವು ಬಣ್ಣ ಅಳೆಯುತ್ತಿದ್ದುದು 645 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ. ಎಲೆಹಸಿರು ಬೆಳಕನ್ನು ಹೀರುವುದೂ ಹೆಚ್ಚುಕಡಿಮೆ ಅಲ್ಲೇ. ಅಂದರೆ ಎಲೆಯ ಸಾರವೇನಾದರೂ ಡಿಎನ್‌ಎಯಿಂದ ಬಣ್ಣವನ್ನು ನಿಜವಾಗಿ ಎಬ್ಬಿಸಿದ್ದರೂ, ಎಲೆಹಸಿರು ಆ ಖಾಲಿ ಜಾಗವನ್ನು ಮುಚ್ಚಿ, ಏನೂ ಆಗಿಲ್ಲವೆಂದು ಯಂತ್ರವನ್ನು ನಂಬಿಸುತ್ತಿತ್ತು. ಟ್ಯಾನಿನ್ ಇಲ್ಲದ್ದನ್ನು ಉಂಟೆಂದಿತ್ತು, ಎಲೆಹಸಿರು ಉಂಟಾದದ್ದನ್ನು ಇಲ್ಲವೆನ್ನುತ್ತಿತ್ತು. ಪ್ರತಿ ಸಾರಕ್ಕೂ ಮೀಥೈಲ್ ಗ್ರೀನ್ ಇಲ್ಲದ ಜೋಡಿ ಕೊಳವೆಯೊಂದನ್ನು ಇಟ್ಟು, ಅದರ ಲೆಕ್ಕವನ್ನು ಕಳೆಯಬೇಕಾಯಿತು. ಅಲ್ಲಿಗೆ ಕೊಳವೆಗಳ ಸಂಖ್ಯೆ ಎರಡರಷ್ಟಾಯಿತು. ಎಲ್ಲವನ್ನೂ ಮೂರು ಮೂರು ಸಲ ಮಾಡಬೇಕು ಎಂಬುದನ್ನು ಸೇರಿಸಿಕೊಂಡು ನೀವೇ ಗುಣಿಸಿ.

ದುರ್ವಾಸನೆ ಮರ ಎರಡನೆಯ ಸಲವೂ ಸೊನ್ನೆಯೇ. ಗಿಡವನ್ನು ತಪ್ಪಾಗಿ ಗುರುತಿಸಿದೆವೇ ಎಂದು ಸಸ್ಯಶಾಸ್ತ್ರ ವಿಭಾಗಕ್ಕೆ ಓಡಿದೆ. ಅಲ್ಲಿನ ಪ್ರಾಧ್ಯಾಪಕರು ಒತ್ತಿಟ್ಟ ಟೊಂಗೆಯನ್ನು ಭೂತಗನ್ನಡಿಯಲ್ಲಿ ನೋಡಿ, ಅದೇ ಗಿಡ, ಸಂಶಯ ಬೇಡ ಎಂದರು. ಓದಿಕೊಂಡ ಮೇಲೆ ಅರ್ಥವಾಯಿತು. ಕ್ಯಾಂಪ್ಟೊಥೆಸಿನ್ ಬರಿಯ ಡಿಎನ್‌ಎಯನ್ನು ಹೆಚ್ಚುಕಡಿಮೆ ಕಣ್ಣೆತ್ತಿಯೂ ನೋಡುವುದಿಲ್ಲ. ಜೀವಕೋಶದಲ್ಲಿ ತಿರುಚಿಕೊಂಡ ಡಿಎನ್‌ಎಯ ಗಂಟು ಸಡಿಲಿಸಲು ಟೊಪೊಐಸೊಮರೇಸ್ ಎಂಬ ಕಿಣ್ವ ಬರುತ್ತದೆ. ಅದು ಒಂದು ಎಳೆಯನ್ನು ಕತ್ತರಿಸಿ, ಸುತ್ತು ಬಿಡಿಸಿ, ಮತ್ತೆ ಬೆಸೆಯುತ್ತದೆ. ಕತ್ತರಿಸಿ ಇನ್ನೂ ಬೆಸೆಯದ ಆ ಕ್ಷಣದಲ್ಲಿ ಕ್ಯಾಂಪ್ಟೊಥೆಸಿನ್ ಕಿಣ್ವ ಮತ್ತು ಡಿಎನ್‌ಎಯ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ನನ್ನ ಕೊಳವೆಯಲ್ಲಿ ಆ ಕಿಣ್ವವೇ ಇರಲಿಲ್ಲ. ಯಾವ ಮರದ ಹೆಸರು ಹೇಳಿ ಹಣ ತಂದೆವೋ ಆ ಮರವನ್ನೇ ನಮ್ಮ ಜರಡಿ ಹಿಡಿಯಲಾರದಾಗಿತ್ತು. ಮೇಡಂ ಇದನ್ನು ಮೊದಲೇ ಬಲ್ಲವರಾಗಿದ್ದರೋ ಏನೋ. ಕೇಳಿದಾಗ, “ವರದಿಯಲ್ಲಿ ಇದನ್ನೂ ಬರೆಯಿರಿ” ಎಂದರಷ್ಟೆ.

ಎಲ್ಲ ಸೋಸಿ ಉಳಿದವು ಐದು. ಎಥಿಡಿಯಂ ಬ್ರೋಮೈಡ್ ಎಂಬ ಇನ್ನೊಂದು ಬಣ್ಣದ ಪರೀಕ್ಷೆಯಲ್ಲಿ ಮೂರು ಬಿದ್ದುಹೋದವು. ಅದನ್ನು ವಿವರಿಸಿ ನಿಮ್ಮ ತಲೆ ತಿನ್ನುವುದಿಲ್ಲ. ಉಳಿದ ಎರಡರಲ್ಲಿ ಒಂದು ಚಗಟೆ ಬೀಜ, ಅದೂ ಅರೆಮನಸ್ಸಿನದು. ಇನ್ನೊಂದು ನಲವತ್ತೊಂದನೆಯ ಗಿಡ, ಲೆಕ್ಕ ತುಂಬಿಸಲು ತಂದಿದ್ದ ಅರಿಸಿನ ಉಮ್ಮತ್ತಿಯ ಬೇರು. ಆಗುಂಬೆಯ ಮಗ್ಗುಲಿನ ಕಾಡನ್ನೆಲ್ಲ ಸುತ್ತಿ, ಕೊನೆಗೆ ಉತ್ತರ ಸಿಕ್ಕಿದ್ದು ನಮ್ಮ ಅಪ್ಪ ಪ್ರತಿ ವರ್ಷ ಬೈಯುತ್ತಾ ಕುಡುಗೋಲಿನಿಂದ ಸವರುವ ಕಳೆಯಲ್ಲಿ.

ಆದರೆ ಈಗ ನಾನು ಯಾವುದನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಬಣ್ಣವನ್ನೇ ಆಶ್ರಯಿಸದ ಒಂದು ಪರೀಕ್ಷೆ ಬೇಕಿತ್ತು. ಲೆರ್ಮನ್ 1961ರಲ್ಲಿ ಗಮನಿಸಿದ್ದ ಒಂದು ಸಂಗತಿಯೆಂದರೆ, ಚಪ್ಪಟೆ ಅಣುಗಳು ಮೆಟ್ಟಿಲ ಸಂದಿಯಲ್ಲಿ ಕೂತಾಗ ಡಿಎನ್‌ಎ ದ್ರಾವಣ ಇನ್ನಷ್ಟು ಮಂದವಾಗುತ್ತದೆ. ಏಣಿ ಉದ್ದವಾದರೆ ದ್ರಾವಣ ನಿಧಾನವಾಗಿ ಹರಿಯಬೇಕಲ್ಲ. ರಸಾಯನಶಾಸ್ತ್ರ ವಿಭಾಗದ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದ ಓಸ್ಟ್‌ವಾಲ್ಡ್ ವಿಸ್ಕೋಮೀಟರನ್ನು ಎರವಲು ತಂದೆ. ಅದೊಂದು ಗಾಜಿನ ಕೊಳವೆ, ಆಂಗ್ಲದ ಯು ಅಕ್ಷರದಂತೆ ಬಗ್ಗಿದ್ದು. ಒಂದು ತೋಳಿನಲ್ಲಿ ಕೂದಲಿನಂಥ ರಂಧ್ರ, ಅದರ ಮೇಲೊಂದು ಬುಗ್ಗೆ, ಬುಗ್ಗೆಯ ಮೇಲೂ ಕೆಳಗೂ ಗೀರಿದ ಒಂದೊಂದು ಗೆರೆ. ದ್ರಾವಣವನ್ನು ಮೇಲಿನ ಗೆರೆ ದಾಟುವವರೆಗೆ ರಬ್ಬರ್ ಬುರುಡೆಯಿಂದ ಎಳೆದು ಬಿಡಬೇಕು, ಕೆಳಗಿನ ಗೆರೆ ಮುಟ್ಟುವವರೆಗೆ ಸೆಕೆಂಡು ಎಣಿಸಬೇಕು. ಇಡೀ ಉಪಕರಣ ನೀರಿನ ತೊಟ್ಟಿಯಲ್ಲಿ 30 ಡಿಗ್ರಿಯಲ್ಲಿ ನಿಂತಿರಬೇಕು, ಅರ್ಧ ಡಿಗ್ರಿ ಆಚೀಚೆಯಾದರೂ ಲೆಕ್ಕ ಕೆಡುತ್ತದೆ. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತೆ.

ಬರಿಯ ಡಿಎನ್‌ಎ: 118 ಸೆಕೆಂಡ್. ಮತ್ತೆ 118. ಮತ್ತೆ 119. ಮತ್ತಿ ತೊಗಟೆಯ ಸಾರ, ಸೋಸದೆ ಇದ್ದದ್ದು: 104. ಡಿಎನ್‌ಎಯನ್ನೂ ಅಷ್ಟಿಷ್ಟು ಕೆಸರು ಮಾಡಿ ದ್ರಾವಣವನ್ನು ತೆಳುವಾಗಿಸಿತ್ತು, ತನ್ನ ಗುಣ ಬಿಡದೆ. ಉಮ್ಮತ್ತಿ ಬೇರಿನ ಸಾರ, ಮೊದಲ ಹನಿಗಳು: 123. ಇನ್ನಷ್ಟು ಸೇರಿಸಿದಾಗ 127. ಆಮೇಲೆ 131. ಡಿಎನ್‌ಎ ಇಲ್ಲದೆ ಬರಿಯ ಸಾರವನ್ನು ಹರಿಬಿಟ್ಟೆ, ನೀರಿನಷ್ಟೇ ಚುರುಕಾಗಿ ಇಳಿದುಹೋಯಿತು. ಬೆವರು ಒರೆಸಿಕೊಂಡು ಮತ್ತೆ ಮೊದಲಿನಿಂದ ಮಾಡಿದೆ. ಸಂಜೆ ಆರಕ್ಕೆ ವಿದ್ಯುತ್ ಹೋಗಿ ತೊಟ್ಟಿಯ ನೀರು ತಣ್ಣಗಾಗುವವರೆಗೂ ಮಾಡುತ್ತಲೇ ಇದ್ದೆ. ಅಂಕಿಗಳು ಅಲುಗಲಿಲ್ಲ.

ಈ ಸಲ ಮೇಡಂ ನಗಲೂ ಇಲ್ಲ, ಹುಬ್ಬು ಗಂಟಿಕ್ಕಲೂ ಇಲ್ಲ. “ಗ್ರಂಥಿಗೆ ಅಂಗಡಿಗೆ ಹೋಗಿ ಹತ್ತು ರೂಪಾಯಿಯ ಮರದರಿಸಿನ ತನ್ನಿ” ಎಂದರು. ಯಾಕೆಂದು ತಿಳಿಯಲಿಲ್ಲ, ತಂದೆ. ಮರದರಿಸಿನದ ತುಂಡು, ಉಮ್ಮತ್ತಿಯ ಬೇರು, ಜೊತೆಗೆ ಮರದರಿಸಿನದಲ್ಲಿರುವ ಹಳದಿ ವಸ್ತುವಾದ ಬರ್ಬೆರಿನ್, ಕಂಪನಿಯಿಂದ ತರಿಸಿದ್ದ ಶುದ್ಧ ರೂಪದ್ದು, ಈ ಮೂರರ ಒಂದೊಂದು ಹನಿಯನ್ನು ಸಿಲಿಕಾ ಬಳಿದ ತಗಡಿನ ಕೆಳಅಂಚಿನಲ್ಲಿ ಸಾಲಾಗಿ ಇಟ್ಟು, ಬ್ಯೂಟನಾಲ್, ಅಸೆಟಿಕ್ ಆಮ್ಲ, ನೀರಿನ ಮಿಶ್ರಣದಲ್ಲಿ ನಿಲ್ಲಿಸಿದೆವು. ದ್ರವ ಮೇಲೇರಲು ಎರಡೂವರೆ ಗಂಟೆ. ಕೋಣೆಯೆಲ್ಲ ಹಳೆಯ ಉಪ್ಪಿನಕಾಯಿ ಭರಣಿಯ ವಾಸನೆ. ಒಣಗಿಸಿ, ಕತ್ತಲ ಕೋಣೆಗೆ ಒಯ್ದು, 366 ನ್ಯಾನೊಮೀಟರಿನ ನೇರಳಾತೀತ ದೀಪ ಹಚ್ಚಿದೆವು.

ಮೂರು ಸಾಲುಗಳಲ್ಲೂ ಒಂದೇ ಎತ್ತರದಲ್ಲಿ, ಗೆರೆ ಎಳೆದಂತೆ, ಮೂರು ಹಳದಿ ಕಿಡಿಗಳು.

ಉಮ್ಮತ್ತಿಯಲ್ಲಿ ಬರ್ಬೆರಿನ್ ಇರುವುದು ನಾನು ಹುಟ್ಟುವ ಎಷ್ಟೋ ಮೊದಲೇ ಗೊತ್ತಿದ್ದ ಸಂಗತಿ. ಬರ್ಬೆರಿನ್ ಡಿಎನ್‌ಎಗೆ ಅಂಟುವುದೂ ಗೊತ್ತಿದ್ದದ್ದೇ. ಕಂಡದ್ದನ್ನೇ ಹದಿನಾಲ್ಕು ತಿಂಗಳು ಹುಡುಕಿ ಮತ್ತೆ ಕಂಡಿದ್ದೆ. ಕತ್ತಲಲ್ಲಿ ನನ್ನ ಮುಖ ಕಾಣದಿದ್ದದ್ದು ಒಳ್ಳೆಯದಾಯಿತು. ಮೇಡಂ ಮಾತ್ರ ದೀಪವನ್ನು ಆರಿಸದೆ ತಗಡನ್ನೇ ನೋಡುತ್ತಿದ್ದರು. ಉಮ್ಮತ್ತಿಯ ಸಾಲಿನಲ್ಲಿ, ಉಳಿದೆರಡರಲ್ಲಿ ಇಲ್ಲದ ಇನ್ನೊಂದು ಕಿಡಿ ಇತ್ತು, ಕೆಂಡದ ಮೇಲೆ ಬೂದಿ ಕವಿದಂಥ ಕಿತ್ತಳೆ. “ಇದು ಸಾಸಿವೆ ಎಣ್ಣೆಯ ಕಥೆ” ಎಂದರು.

ಬೆಂಗಳೂರಿಗೆ ಕಳಿಸಿ ಅಣುತೂಕ ಅಳೆಸಿದಾಗ ಹಳದಿಯದು 336, ಕಿತ್ತಳೆಯದು 332 ಎಂದು ಬಂತು. ಎರಡನೆಯದು ಸಾಂಗ್ವಿನರಿನ್. ಬರ್ಬೆರಿನ್ನಿನಂತೆಯೇ ಚಪ್ಪಟೆ, ಡಿಎನ್‌ಎಯ ಸಂದಿಯಲ್ಲಿ ಅದಕ್ಕಿಂತ ಬಿಗಿಯಾಗಿ ಕೂರುತ್ತದೆ. ಉಮ್ಮತ್ತಿಯ ಬೀಜ ಸಾಸಿವೆಯನ್ನೇ ಹೋಲುತ್ತದೆ. ಸಾಂಗ್ವಿನರಿನ್ ಇರುವ ಅದರ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತರೆ ತಿಂದವರ ಕಾಲು ಊದಿಕೊಂಡು, ಉಸಿರು ಕಟ್ಟಿ, ಹೃದಯ ಸೋಲುತ್ತದೆ. 1998ರಲ್ಲಿ ದೆಹಲಿಯಲ್ಲಿ ಹೀಗೆ ಕಲಬೆರಕೆಯ ಎಣ್ಣೆಯಿಂದ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಡಿಎನ್‌ಎಗೆ ಅಂಟುವ ವಸ್ತು ಸಿಕ್ಕರೆ ಔಷಧಿ ಸಿಕ್ಕಂತೆಯೇ ಎಂದು ಯೋಜನಾ ಪ್ರಸ್ತಾವದಲ್ಲಿ ಸಲೀಸಾಗಿ ಬರೆದಿದ್ದ ಸಾಲಿನ ಪಕ್ಕದಲ್ಲಿ ನಾನು ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅದು ಯಾರ ಡಿಎನ್‌ಎ ಎಂದು ಈ ಅಣುಗಳು ವಿಚಾರಿಸುವುದಿಲ್ಲ.

ಪ್ರಬಂಧದಲ್ಲಿ ಮೂರನೆಯ ಅಧ್ಯಾಯ ಪೂರ್ತಿ ಟ್ಯಾನಿನ್, ಎಲೆಹಸಿರು, ಹೊಗೆಗಳದ್ದು. ಅದನ್ನು ಬಿಡಿಸಿ ಬರೆಯಲು ಉಳಿದ ಎಲ್ಲ ಅಧ್ಯಾಯಗಳಿಗಿಂತ ಹೆಚ್ಚು ದಿನ ಹಿಡಿಯಿತು. ಈಗ ಹೊಸಬರು ಯಾರೇ ಪ್ರಯೋಗಾಲಯಕ್ಕೆ ಬಂದರೂ ಮೊದಲು ಮಾಡಿಸುವುದು ಡಿಎನ್‌ಎ ಇಲ್ಲದ ಕೊಳವೆ. ಎರಡನೆಯದು, ಸಾರದ ಪಟ್ಟಿಯಲ್ಲಿ ಒಗರಾದವುಗಳ ಮುಂದೆ ಗುರುತು ಹಾಕುವುದು.

ಊರಿಗೆ ಹೋದಾಗ ಉಮ್ಮತ್ತಿಯ ಬೀಜಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದೆ. ಅವ್ವ ಸಂತೆಯಿಂದ ತಂದ ಸಾಸಿವೆಯನ್ನು ಮೊರದಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಮೊರದ ಒಂದು ಮೂಲೆಯಲ್ಲಿ ಡಬ್ಬಿಯ ಹತ್ತು ಕಾಳು ಸುರಿದೆ. ನನಗೆ ಕಣ್ಣಳತೆಯಲ್ಲಿ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಅವ್ವ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಿ, “ಇದು ತರಿತರಿ. ಸಾಸಿವೆ ನುಣುಪು. ಎಲ್ಲಿಂದ ತಂದೆ ಈ ಹಾಳು ಬೀಜವನ್ನು?” ಎಂದಳು. ಹತ್ತನ್ನೂ ಒಂದೊಂದಾಗಿ ಹೆಕ್ಕಿ ನನ್ನ ಅಂಗೈಗೆ ಹಾಕಿದಳು. ನಾನು ಎದ್ದು ಅಂಗಳದ ಕಡೆಗೆ ಹೊರಟದ್ದನ್ನು ಕಂಡು ಕೂಗಿದಳು:

“ತಿಪ್ಪೆಗೆ ಹಾಕಿಬಿಟ್ಟೀಯೆ. ಬರುವ ವರ್ಷ ಹೊಲದ ತುಂಬ ಹುಟ್ಟುತ್ತದೆ, ನಿಮ್ಮಪ್ಪನ ಬಾಯಿಗೆ ನಾನು ಸಿಗಬೇಕಾಗುತ್ತದೆ. ನಿನ್ನ ಡಬ್ಬಿಯಲ್ಲೇ ಇಟ್ಟುಕೊಂಡು ಹೋಗು.”

ಡಬ್ಬಿ ಪ್ರಯೋಗಾಲಯದ ಫ್ರಿಜ್ಜಿನ ಬಾಗಿಲಿನಲ್ಲಿದೆ, 41 ಎಂಬ ಚೀಟಿ ಅಂಟಿಸಿಕೊಂಡು.